ಸಿ ಡ್ರೈವ್ ಕುಗ್ಗುತ್ತಿಲ್ಲ, ಡಿಸ್ಕೇ ಕಾಣುತ್ತಿಲ್ಲ: ಡ್ಯುಯಲ್ ಬೂಟ್ ತೊಡಕುಗಳಿಗೆ ಉತ್ತರ

ಪ್ರಶ್ನೆ: ಸರ್, ನಾನು ಯಲಹಂಕದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಲ್ಯಾಬ್ ಕೆಲಸಕ್ಕೆ ಉಬುಂಟು (ಲಿನಕ್ಸ್‌ನ ಒಂದು ಬಗೆ) ಬೇಕು, ಆದರೆ ವಿಂಡೋಸ್ 11 ತೆಗೆಯುವ ಹಾಗಿಲ್ಲ. ಎರಡೂ ಒಂದೇ ಲ್ಯಾಪ್‌ಟಾಪ್‌ನಲ್ಲಿ ಇರಬೇಕು, ಅಂದರೆ ಡ್ಯುಯಲ್ ಬೂಟ್. ಸಿ ಡ್ರೈವ್‌ನಲ್ಲಿ 300 ಜಿಬಿಗಿಂತ ಜಾಸ್ತಿ ಖಾಲಿ ಇದೆ. ಆದರೂ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಡ್ರೈವ್ ಕುಗ್ಗಿಸುವ ‘ಶ್ರಿಂಕ್ ವಾಲ್ಯೂಮ್’ ಒತ್ತಿದರೆ 18 ಜಿಬಿ ಮಾತ್ರ ಸಿಗುತ್ತದೆ ಅಂತ ತೋರಿಸುತ್ತದೆ. ‘ಉಬುಂಟು ಇನ್‌ಸ್ಟಾಲರ್‌ನಲ್ಲೇ ಪಾರ್ಟಿಷನ್ (ಡಿಸ್ಕ್‌ನ ಭಾಗ) ಮಾಡು, ಅದೇ ನೋಡಿಕೊಳ್ಳುತ್ತೆ’ ಅಂತಾನೆ ಫ್ರೆಂಡ್. ಮಾಡಲಾ?

ಉತ್ತರ: ಬೇಡ. ವಿಂಡೋಸ್ ಹಿಡಿದಿರುವ ಜಾಗವನ್ನು ವಿಂಡೋಸ್‌ನಿಂದಲೇ ಬಿಡಿಸಿ. ಬಿಟ್ಟ ಜಾಗದಲ್ಲಿ ಪಾರ್ಟಿಷನ್ ಮಾಡುವ ಕೆಲಸ ಮಾತ್ರ ಲಿನಕ್ಸ್‌ಗಿರಲಿ. ಡ್ಯುಯಲ್ ಬೂಟ್ ಮಾಡಲು ಹೋಗಿ ಫೋಟೋ, ಪ್ರಾಜೆಕ್ಟ್ ಎಲ್ಲ ಕಳೆದುಕೊಂಡು ಬರುವವರನ್ನು ನೋಡುತ್ತಲೇ ಇರುತ್ತೇನೆ. ಹೆಚ್ಚಿನವರು ಎಡವುವುದು ಇದೇ ಜಾಗದಲ್ಲಿ.

ಇಷ್ಟು ಖಾಲಿ ಇದ್ದೂ ಯಾಕೆ ಕುಗ್ಗುತ್ತಿಲ್ಲ? ಡ್ರೈವ್ ಕುಗ್ಗುವುದು ಅದರ ಕೊನೆಯ ತುದಿಯಿಂದ. ಆ ತುದಿಯ ಹತ್ತಿರ ಜರುಗಿಸಲಾಗದ ಒಂದೇ ಒಂದು ಫೈಲ್ ಕೂತಿದ್ದರೂ ವಿಂಡೋಸ್ ಅಲ್ಲಿಗೇ ನಿಂತುಬಿಡುತ್ತದೆ. ಸಾಮಾನ್ಯವಾಗಿ ಅದು ಹೈಬರ್ನೇಷನ್ ಫೈಲ್ (ಮಲಗಿಸುವಾಗ ಮೆಮೊರಿಯಲ್ಲಿದ್ದದ್ದನ್ನು ಉಳಿಸಿಡುವ ಫೈಲ್), ಪೇಜ್ ಫೈಲ್ (ಮೆಮೊರಿ ಸಾಲದಾಗ ಬಳಸುವ ಫೈಲ್), ಇಲ್ಲವೇ ಸಿಸ್ಟಂ ರಿಸ್ಟೋರ್ ಇಟ್ಟುಕೊಂಡಿರುವ ಹಳೆಯ ಪ್ರತಿ. ಯಾವುದು ಅಂತ ಊಹಿಸಬೇಕಾಗಿಲ್ಲ. ಒಮ್ಮೆ ಶ್ರಿಂಕ್ ಮಾಡಲು ಪ್ರಯತ್ನಿಸಿ, ಆಮೇಲೆ ‘ಈವೆಂಟ್ ವ್ಯೂವರ್’ ತೆರೆದು, ವಿಂಡೋಸ್ ಲಾಗ್ಸ್ ಒಳಗಿನ ‘ಅಪ್ಲಿಕೇಷನ್’ನಲ್ಲಿ 259 ಸಂಖ್ಯೆಯ ಈವೆಂಟ್ ಹುಡುಕಿ. ಅಡ್ಡ ಕೂತಿರುವ ಫೈಲಿನ ಹೆಸರು ಅಲ್ಲೇ ಬರೆದಿರುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಜನ ವಿಂಡೋಸ್ ಅನ್ನೇ ಹೊಸದಾಗಿ ಹಾಕಿಸುತ್ತಾರೆ. ಸುಮ್ನೆ ದಂಡ.

ಹೈಬರ್ನೇಷನ್ ತೆಗೆಯಲು ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ‘powercfg /h off’ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಇದರ ಜೊತೆಗೇ ಫಾಸ್ಟ್ ಸ್ಟಾರ್ಟಪ್ ಕೂಡ ಹೋಗುತ್ತದೆ, ಒಳ್ಳೆಯದೇ ಆಯಿತು. ಅದು ಆನ್ ಇದ್ದರೆ ಶಟ್ ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮಲಗಿರುವುದಿಲ್ಲ. ಆಗ ಲಿನಕ್ಸ್‌ನಿಂದ ಸಿ ಡ್ರೈವ್‌ಗೆ ಏನನ್ನೂ ಬರೆಯಲಾಗದೆ ಒದ್ದಾಡುತ್ತೀರಿ. ಪೇಜ್ ಫೈಲ್ ಮತ್ತು ಸಿಸ್ಟಂ ರಿಸ್ಟೋರ್ ಎರಡನ್ನೂ ತಾತ್ಕಾಲಿಕವಾಗಿ ಆಫ್ ಮಾಡಿ, ಹಳೆಯ ರಿಸ್ಟೋರ್ ಪಾಯಿಂಟ್‌ಗಳನ್ನು ಅಳಿಸಿ, ರೀಸ್ಟಾರ್ಟ್ ಮಾಡಿ ಮತ್ತೆ ಶ್ರಿಂಕ್ ಒತ್ತಿ. ಕೆಲಸ ಮುಗಿದ ಮೇಲೆ ಈ ಎರಡನ್ನೂ ಮರೆಯದೆ ಆನ್ ಮಾಡಿಕೊಳ್ಳಿ.

ಇಲ್ಲೊಂದು ಎಚ್ಚರ. ಶ್ರಿಂಕ್ ಒತ್ತಿದಾಗ ಬರುವ ಪೆಟ್ಟಿಗೆ ಎಷ್ಟು ಕುಗ್ಗಿಸಬೇಕೆಂದು ಕೇಳುವುದು ಎಂಬಿ ಲೆಕ್ಕದಲ್ಲಿ. 80 ಜಿಬಿ ಬೇಕಿದ್ದರೆ 81920 ಅಂತ ಹಾಕಬೇಕು. ಉಬುಂಟುಗೆ 25 ಜಿಬಿ ಸಾಕು ಅನ್ನುತ್ತಾರೆ, ಆದರೆ ಓದುವವರಿಗೆ ಅದು ಬೇಗ ತುಂಬಿಹೋಗುತ್ತದೆ. 80 ಇಟ್ಟುಕೊಳ್ಳಿ. ಬಿಡಿಸಿದ ಜಾಗ ಮೇಲೆ ಕಪ್ಪು ಪಟ್ಟಿಯೊಂದಿಗೆ ‘ಅನ್‌ಅಲೊಕೇಟೆಡ್’ ಎಂದು ಕಾಣುತ್ತದೆ. ಅದನ್ನು ಹಾಗೇ ಬಿಡಿ, ಹೊಸ ಡ್ರೈವ್ ಅಕ್ಷರ ಕೊಡಲು ಹೋಗಬೇಡಿ.

ಇನ್‌ಸ್ಟಾಲರ್ ಶುರು ಮಾಡುವ ಮುಂಚೆ ಬಿಟ್‌ಲಾಕರ್ ನೋಡಿಕೊಳ್ಳಿ. ಇದು ಡಿಸ್ಕ್‌ಗೆ ಬೀಗ ಹಾಕುವ (ಎನ್‌ಕ್ರಿಪ್ಷನ್) ವಿಂಡೋಸ್ ಸೌಲಭ್ಯ. ವಿಂಡೋಸ್ 11ರ 24ಎಚ್2 ಆವೃತ್ತಿ ಹೊಸದಾಗಿ ಹಾಕಿ, ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆದ ಲ್ಯಾಪ್‌ಟಾಪ್‌ಗಳಲ್ಲಿ ಎನ್‌ಕ್ರಿಪ್ಷನ್ ಸಾಮಾನ್ಯವಾಗಿ ತಾನಾಗಿಯೇ ಆನ್ ಆಗಿರುತ್ತದೆ. ಬೂಟ್ ಸೆಟ್ಟಿಂಗ್ ಬದಲಾದರೆ 48 ಅಂಕಿಯ ರಿಕವರಿ ಕೀ ಕೇಳಬಹುದು. ಅದು ಸಿಗದಿದ್ದರೆ ಡೇಟಾ ಹೋಯಿತು ಅಂತಲೇ ಲೆಕ್ಕ, ಯಾವ ಅಂಗಡಿಯವರೂ ತೆಗೆದುಕೊಡಲಾರರು. ಹಾಗಾಗಿ ಅಕೌಂಟ್‌ನಲ್ಲಿರುವ ಆ ಕೀಯನ್ನು ಕಾಗದದ ಮೇಲೆ ಬರೆದಿಡಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಎನ್‌ಕ್ರಿಪ್ಷನ್ ಆಫ್ ಮಾಡಿ, ಅದು ಪೂರ್ತಿ ಮುಗಿಯುವವರೆಗೆ ಚಾರ್ಜರ್ ಹಾಕಿಟ್ಟು ಕಾಯಿರಿ. ಪ್ರಾಜೆಕ್ಟ್ ಫೈಲ್‌ಗಳದ್ದು ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿ ಒಂದು ಕಾಪಿ ಇರಲೇಬೇಕು.

ಉಬುಂಟು ಇನ್‌ಸ್ಟಾಲರ್‌ನಲ್ಲಿ ‘ಇರೇಸ್ ಡಿಸ್ಕ್’ ಕಡೆ ತಲೆ ಹಾಕಬೇಡಿ. ‘ಮ್ಯಾನುಯಲ್’ ಆರಿಸಿ, ಖಾಲಿ ಜಾಗದಲ್ಲಿ ಇಎಕ್ಸ್‌ಟಿ4 (ext4, ಲಿನಕ್ಸ್ ಬಳಸುವ ಮಾದರಿ) ಪಾರ್ಟಿಷನ್ ಮಾಡಿ, ಅದು ಎಲ್ಲಿ ಸೇರಬೇಕು ಎಂದು ಕೇಳುವ ‘ಮೌಂಟ್ ಪಾಯಿಂಟ್’ಗೆ ‘/’ ಕೊಡಿ. ಸ್ವಾಪ್‌ಗೆ (ಲಿನಕ್ಸ್‌ನ ಪೇಜ್ ಫೈಲ್ ಇದ್ದಂತೆ) ಬೇರೆ ಪಾರ್ಟಿಷನ್ ಬೇಕಾಗಿಲ್ಲ. ಪಟ್ಟಿಯಲ್ಲಿ ಫ್ಯಾಟ್32 ಮಾದರಿಯ, 100 ಅಥವಾ 260 ಎಂಬಿಯ ಒಂದು ಪುಟ್ಟ ಪಾರ್ಟಿಷನ್ ಕಾಣುತ್ತದೆ. ಅದೇ ಇಎಫ್‌ಐ. ವಿಂಡೋಸ್ ಶುರುವಾಗುವುದೇ ಅಲ್ಲಿಂದ. ಲಿನಕ್ಸ್ ಕೂಡ ಅದನ್ನೇ ಬಳಸಿಕೊಳ್ಳುತ್ತದೆ, ಆದರೆ ಅದರ ಪಕ್ಕ ‘ಫಾರ್ಮ್ಯಾಟ್’ ಟಿಕ್ ಆಗಿರಬಾರದು. ಈ ಒಂದನ್ನು ಎರಡು ಸಲ ನೋಡಿಕೊಂಡು ಮುಂದೆ ಹೋಗಿ.

ಪ್ರಶ್ನೆ: ನಾನು ಬಸವನಗುಡಿಯವನು. ಇನ್‌ಸ್ಟಾಲರ್‌ನಲ್ಲಿ ನನ್ನ ಪೆನ್‌ಡ್ರೈವ್ ಮಾತ್ರ ಕಾಣುತ್ತದೆ, ಲ್ಯಾಪ್‌ಟಾಪ್‌ನ ಎಸ್‌ಎಸ್‌ಡಿ ಕಾಣುವುದೇ ಇಲ್ಲ. ವಿಂಡೋಸ್ ಚೆನ್ನಾಗಿಯೇ ಓಡುತ್ತಿದೆ. ಎಸ್.ಪಿ. ರೋಡ್‌ನಲ್ಲಿ ವಿಚಾರಿಸಿದರೆ ಬೇರೆ ಎಸ್‌ಎಸ್‌ಡಿ ಹಾಕಿಸಿ ಅಂದರು.

ಉತ್ತರ: ದಯವಿಟ್ಟು ದುಡ್ಡು ಹಾಕಬೇಡಿ. ವಿಂಡೋಸ್ ಓಡುತ್ತಿದೆ ಅಂದರೆ ಎಸ್‌ಎಸ್‌ಡಿ ಸರಿಯಾಗಿಯೇ ಇದೆ. ಹಲವು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಅನ್ನು ಆರ್‌ಎಸ್‌ಟಿ ಅಥವಾ ವಿಎಂಡಿ ಎಂಬ, ಡಿಸ್ಕ್ ನಿಯಂತ್ರಿಸುವ ವ್ಯವಸ್ಥೆಯ ಹಿಂದೆ ಇಟ್ಟಿರುತ್ತಾರೆ, ಅದಕ್ಕೇ ಇನ್‌ಸ್ಟಾಲರ್‌ಗೆ ಕಾಣುವುದಿಲ್ಲ. ಮೊದಲು ಉಬುಂಟುವಿನ ಹೊಸ ಆವೃತ್ತಿ ಹಾಕಿ ನೋಡಿ, ಕೆಲವು ಸಲ ಅಷ್ಟರಲ್ಲೇ ಕಾಣುತ್ತದೆ.

ಆಗಲಿಲ್ಲ ಅಂದರೆ ಬಯೋಸ್‌ನಲ್ಲಿ (ಲ್ಯಾಪ್‌ಟಾಪ್ ಆನ್ ಆಗುವಾಗ ತೆರೆಯುವ ಮೂಲ ಸೆಟ್ಟಿಂಗ್ ಪುಟ) ವಿಎಂಡಿ ಆಫ್ ಮಾಡಬೇಕು, ಅಥವಾ ಎಎಚ್‌ಸಿಐ ಎಂಬ ಸಾಮಾನ್ಯ ಡಿಸ್ಕ್ ವಿಧಾನಕ್ಕೆ ಬದಲಿಸಬೇಕು. ಆದರೆ ಸೀದಾ ಹೋಗಿ ಬದಲಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಮೊದಲು ಬಿಟ್‌ಲಾಕರ್ ಆಫ್ ಮಾಡಿ. ಆಮೇಲೆ ‘ಸಿಸ್ಟಂ ಕಾನ್ಫಿಗರೇಷನ್’ ತೆರೆದು, ಬೂಟ್ ಟ್ಯಾಬ್‌ನಲ್ಲಿ ‘ಸೇಫ್ ಬೂಟ್’ಗೆ ಟಿಕ್ ಹಾಕಿ ರೀಸ್ಟಾರ್ಟ್ ಮಾಡಿ, ನೇರ ಬಯೋಸ್‌ಗೆ ಹೋಗಿ ಬದಲಿಸಿ. ವಿಂಡೋಸ್ ಒಮ್ಮೆ ಸೇಫ್ ಮೋಡ್‌ನಲ್ಲಿ ಎದ್ದರೆ ಹೊಸ ಡ್ರೈವರ್ ಹಿಡಿದುಕೊಳ್ಳುತ್ತದೆ. ಮತ್ತೆ ಆ ಟಿಕ್ ತೆಗೆದು ರೀಸ್ಟಾರ್ಟ್ ಮಾಡಿ. ಸೇಫ್ ಮೋಡ್‌ನಲ್ಲಿ ಪಿನ್ ಕೆಲಸ ಮಾಡದೇ ಇರಬಹುದು, ಅಕೌಂಟ್ ಪಾಸ್‌ವರ್ಡ್ ನೆನಪಿರಲಿ. ಏಸರ್‌ನ ಕೆಲವು ಮಾದರಿಗಳಲ್ಲಿ ಈ ಆಯ್ಕೆ ಅಡಗಿರುತ್ತದೆ. ಬಯೋಸ್‌ನ ‘ಮೇನ್’ ಪುಟದಲ್ಲಿ ಕಂಟ್ರೋಲ್ ಮತ್ತು ಎಸ್ ಒಟ್ಟಿಗೆ ಒತ್ತಿದರೆ ಹೊರಬರುತ್ತದೆ.

ಪ್ರಶ್ನೆ: ಲಿನಕ್ಸ್ ಬೇಡವಾಯಿತು ಅಂತ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಆ ಪಾರ್ಟಿಷನ್ ಡಿಲೀಟ್ ಮಾಡಿದೆ. ಈಗ ಕಪ್ಪು ಪರದೆಯಲ್ಲಿ ‘ಗ್ರಬ್’ ಅಂತ ಬಂದು ನಿಂತಿದೆ. ವಿಂಡೋಸ್ ಹೋಯಿತಾ? (ಮಲ್ಲೇಶ್ವರದ ಓದುಗರು)

ಉತ್ತರ: ಹೋಗಿಲ್ಲ, ಗಾಬರಿ ಬೇಡ. ಲಿನಕ್ಸ್ ಹೋದರೂ ಅದನ್ನು ಶುರು ಮಾಡುವ ಬೂಟ್ ಲೋಡರ್ ‘ಗ್ರಬ್’ ಇಎಫ್‌ಐ ಪಾರ್ಟಿಷನ್‌ನಲ್ಲಿ ಉಳಿದಿದೆ, ಇಲ್ಲದ ಲಿನಕ್ಸ್ ಅನ್ನು ಹುಡುಕುತ್ತಿದೆ ಅಷ್ಟೇ. ಆನ್ ಮಾಡುವಾಗ ಬೂಟ್ ಮೆನು ಕೀ ಒತ್ತಿ (ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9), ‘ವಿಂಡೋಸ್ ಬೂಟ್ ಮ್ಯಾನೇಜರ್’ ಆರಿಸಿ. ಮುಂದೆ ಬಯೋಸ್‌ನಲ್ಲಿ ಅದನ್ನೇ ಮೊದಲನೆಯದಾಗಿ ಇಟ್ಟುಬಿಡಿ.

ಖಾಲಿಯಾದ ಜಾಗವನ್ನು ಸಿ ಡ್ರೈವ್‌ಗೆ ಸೇರಿಸಲು ಹೋದರೆ ‘ಎಕ್ಸ್‌ಟೆಂಡ್’ ಮಸುಕಾಗಿ ಕಾಣಬಹುದು. ಖಾಲಿ ಜಾಗಕ್ಕೂ ಸಿಗೂ ನಡುವೆ ರಿಕವರಿ ಪಾರ್ಟಿಷನ್ ಇದ್ದರೆ ಹಾಗಾಗುತ್ತದೆ. ಅದನ್ನು ಜರುಗಿಸುವ ರಿಸ್ಕ್ ತೆಗೆದುಕೊಳ್ಳಬೇಡಿ. ಆ ಜಾಗವನ್ನು ಡಿ ಡ್ರೈವ್ ಮಾಡಿಕೊಂಡು ಫೋಟೋ, ವಿಡಿಯೋ ಇಟ್ಟುಕೊಳ್ಳಿ.