ಬೀಗ ಇರಲಿ, ಬೇಹುಗಾರಿಕೆ ಬೇಡ

ದಾವಣಗೆರೆಯ ಓದುಗರೊಬ್ಬರು, ಹೆಸರು ಪ್ರಕಟಿಸಬೇಡಿ ಎಂದು ಕೋರಿ, ಹೀಗೆ ಬರೆದಿದ್ದಾರೆ: "ಮಗಳಿಗೆ ಹನ್ನೆರಡು ವರ್ಷ, ಏಳನೆಯ ತರಗತಿ. ಟ್ಯೂಷನ್‌ಗೆ ಬಸ್ಸಿನಲ್ಲಿ ಒಬ್ಬಳೇ ಹೋಗಿಬರುವುದರಿಂದ ಮೊದಲ ಮೊಬೈಲ್ ಕೊಡಿಸುತ್ತಿದ್ದೇವೆ. ಸಮಯಕ್ಕೆ ಮಿತಿ ಹಾಕಿದರೆ ಸಾಕು ಎನ್ನುವುದು ನನ್ನ ಅಭಿಪ್ರಾಯ. ಅವಳಿಗೆ ಬರುವ ಸಂದೇಶಗಳೆಲ್ಲ ಅವಳಿಗೆ ತಿಳಿಯದಂತೆ ನಮಗೂ ಕಾಣುವ ಆ್ಯಪ್ ಇದೆಯಂತೆ, ಅದನ್ನೇ ಹಾಕಿಸೋಣ ಎನ್ನುತ್ತಾರೆ ನಮ್ಮ ಯಜಮಾನರು. ಹುಟ್ಟಿದ ವರ್ಷವನ್ನು ಹಿಂದಕ್ಕೆ ಹಾಕಿ ಇನ್‌ಸ್ಟಾಗ್ರಾಂ ಖಾತೆ ತೆರೆದುಬಿಡಿ, ತಾಪತ್ರಯವಿಲ್ಲ ಎಂದು ಗೆಳತಿಯೊಬ್ಬರು ಹೇಳಿದರು. ಏನು ಮಾಡಲಿ?"

ನಿಮ್ಮ ಮಾತೇ ಸರಿ, ತಾಯಿ. ನಿಮ್ಮ ಯಜಮಾನರ ಅಂಜಿಕೆ ಸುಳ್ಳೇನಲ್ಲ. ಅಪರಿಚಿತರು ಸಲಿಗೆ ಬೆಳೆಸಿ, ಮಕ್ಕಳಿಂದ ಫೋಟೊ ತರಿಸಿಕೊಂಡು ಬೆದರಿಸಿದ ಪ್ರಕರಣಗಳನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಹೆತ್ತವರಿಗೆ ಭಯವಾಗುವುದು ಸಹಜ. ಆದರೆ ಅವರು ಆರಿಸಿಕೊಂಡ ಮದ್ದು ಆ ಭಯವನ್ನು ನಿಜ ಮಾಡುವಂಥದ್ದು.

ನಾನು ಓದಿದ ಹಾಸ್ಟೆಲಿನಲ್ಲಿ ವಾರ್ಡನ್ ನಮ್ಮ ಇನ್‌ಲ್ಯಾಂಡ್ ಪತ್ರಗಳನ್ನು ಬಿಚ್ಚಿ ಓದುತ್ತಿದ್ದರು. ನೀರು ಸವರಿ ತೆರೆದು ಮತ್ತೆ ಅಂಟಿಸಿದ್ದರಿಂದ ಅಂಚು ಸುಕ್ಕುಗಟ್ಟಿರುತ್ತಿತ್ತು. ನಮಗೆಲ್ಲ ಅದು ಗೊತ್ತಿತ್ತು. ಹಾಗಾಗಿ ಮನೆಗೆ ಬರೆಯುತ್ತಿದ್ದುದು ಇಷ್ಟೇ: ಕ್ಷೇಮ, ಓದು ಚೆನ್ನಾಗಿ ನಡೆದಿದೆ, ಹಣ ಕಳುಹಿಸಿ. ನನ್ನ ಪಕ್ಕದ ಮಂಚದ ಹುಡುಗನನ್ನು ದೊಡ್ಡ ತರಗತಿಯವರು ರಾತ್ರಿಯೆಲ್ಲ ಗೋಳು ಹೊಯ್ದುಕೊಳ್ಳುತ್ತಿದ್ದರು. ಅವನು ಮನೆಗೆ ಬರೆದದ್ದೂ 'ಕ್ಷೇಮ' ಎಂದೇ. ಅವನ ತಂದೆಗೆ ವಿಷಯ ತಿಳಿದದ್ದು ಅವನು ಓದು ಬಿಟ್ಟು ಊರಿಗೆ ಹೋದ ಮೇಲೆ. ಮಕ್ಕಳ ಮಾತನ್ನು ಕದ್ದು ಕೇಳಿದರೆ ಅವರು ನಮಗೆ ಹೇಳಬೇಕಾದದ್ದನ್ನೂ ಹೇಳುವುದಿಲ್ಲ ಎಂಬುದನ್ನು ನಾನು ಕಲಿತದ್ದು ಅಲ್ಲಿ.

ಇನ್ನು ಆ ಗುಪ್ತ ಆ್ಯಪ್‌ಗಳ ಕಥೆ. ಅಮೆರಿಕದಲ್ಲಿ ಟೀನ್‌ಸೇಫ್ ಎಂಬ ಆ್ಯಪ್ ಇತ್ತು. ಮಕ್ಕಳ ಅನುಮತಿಯಿಲ್ಲದೆಯೇ ಅವರ ಸಂದೇಶ ಓದಬಹುದು ಎಂಬುದೇ ಅದರ ಹೆಚ್ಚುಗಾರಿಕೆ. ಅದು ಕೆಲಸ ಮಾಡಬೇಕಾದರೆ ಮಗುವಿನ ಆ್ಯಪಲ್ ಖಾತೆಯ ಎರಡು ಹಂತದ ಭದ್ರತೆಯನ್ನು, ಅಂದರೆ ಪಾಸ್‌ವರ್ಡ್ ಜೊತೆಗೆ ಇನ್ನೊಂದು ಸಂಕೇತವನ್ನೂ ಕೇಳುವ ಕಾವಲನ್ನು, ತೆಗೆದುಹಾಕಬೇಕಿತ್ತು. 2018ರ ಮೇ ತಿಂಗಳಲ್ಲಿ ಬಯಲಾದದ್ದೇನು? ಆ ಮಕ್ಕಳ ಇಮೇಲ್ ಮತ್ತು ಪಾಸ್‌ವರ್ಡ್‌ಗಳು ಯಾವ ಮರೆಯೂ ಇಲ್ಲದೆ, ಕಾವಲಿಲ್ಲದ ಸರ್ವರ್‌ನಲ್ಲಿ ಬಿದ್ದಿದ್ದವು. ಅಪರಿಚಿತರಿಂದ ಕಾಪಾಡಲೆಂದು ಹಾಕಿಸಿದ ಆ್ಯಪ್ ಮನೆಯ ಕೀಲಿಯನ್ನೇ ಬೀದಿಗೆ ಎಸೆದಿತ್ತು. ಗುಟ್ಟಾಗಿ ಕಣ್ಣಿಡುವ ಆ್ಯಪ್‌ಗಳಿಗೆ ಪ್ಲೇ ಸ್ಟೋರ್‌ನ ನಿಯಮವೇ ಅವಕಾಶ ಕೊಡುವುದಿಲ್ಲ. ಅಂಥದ್ದನ್ನು ಹೊರಗಿನಿಂದ ತಂದು ಹಾಕುತ್ತೇನೆ ಎಂದು ಯಾರೇ ಹೇಳಿದರೂ ಒಪ್ಪಬೇಡಿ.

ನಿಮಗೆ ಬೇಕಾದದ್ದು ಪುಕ್ಕಟೆಯಾಗಿಯೇ ಸಿಗುತ್ತದೆ. ಆಂಡ್ರಾಯ್ಡ್ ಆದರೆ ಗೂಗಲ್‌ನ ಫ್ಯಾಮಿಲಿ ಲಿಂಕ್, ಐಫೋನ್ ಆದರೆ ಅದರೊಳಗೇ ಇರುವ ಸ್ಕ್ರೀನ್ ಟೈಮ್. ದಿನಕ್ಕೆ ಎಷ್ಟು ಹೊತ್ತು, ರಾತ್ರಿ ಎಷ್ಟು ಗಂಟೆಗೆ ಬಂದ್, ಯಾವ ಆ್ಯಪ್‌ಗೆ ಅನುಮತಿ ಎಂಬುದನ್ನೆಲ್ಲ ನಿಮ್ಮ ಮೊಬೈಲಿನಿಂದಲೇ ನಿರ್ಧರಿಸಬಹುದು. ಬಸ್ ತಡವಾದರೆ ಎಲ್ಲಿದ್ದಾಳೆಂದು ನೋಡಬಹುದು. ನನಗೆ ಹಿಡಿಸಿದ ಗುಣವೆಂದರೆ, ಫ್ಯಾಮಿಲಿ ಲಿಂಕ್ ಸಂದೇಶಗಳನ್ನು ಓದಲು ಬಿಡುವುದಿಲ್ಲ; ಹೆತ್ತವರಿಗೆ ಏನೇನು ಕಾಣುತ್ತದೆ ಎಂಬುದನ್ನು ಮಗುವಿಗೂ ತೋರಿಸುತ್ತದೆ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಅದನ್ನು ಹೊಂದಿಸಿ. ರಾತ್ರಿ ಒಂಬತ್ತೋ ಒಂಬತ್ತೂವರೆಯೋ ಎಂದು ಅವಳು ವಾದಿಸಲಿ. ತಾನೂ ಒಪ್ಪಿದ ನಿಯಮವನ್ನು ಮುರಿಯಲು ಯಾವ ಮಗುವಿಗೂ ಮನಸ್ಸು ಹಿಂಜರಿಯುತ್ತದೆ.

ಖಾಸಗಿತನ ದೊಡ್ಡವರ ಸೊತ್ತು, ಮಕ್ಕಳಿಗೇಕೆ ಎನ್ನುವವರಿಗೆ ಒಂದು ವಿಷಯ ನೆನಪಿಸುತ್ತೇನೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ್ದು ನಮ್ಮವರೇ ಆದ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲಿ. ಎಂಬತ್ತು ದಾಟಿದ ಮೇಲೆ ಅವರು ಆ ಹೋರಾಟಕ್ಕೆ ಇಳಿದಿದ್ದರು. ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಅವರು ಮಕ್ಕಳ ಖಾಸಗಿತನಕ್ಕೆ ವಿಶೇಷ ರಕ್ಷಣೆ ಬೇಕು, ಅಂತರ್ಜಾಲದಲ್ಲಷ್ಟೇ ಅಲ್ಲ, ಹೊರಗಿನ ಬದುಕಿನಲ್ಲಿಯೂ ಎಂದು ಬರೆದಿದ್ದಾರೆ. ಆ ಹೊರಗಿನ ಬದುಕಿನಲ್ಲಿ ನಮ್ಮ ಮನೆಯೂ ಸೇರಿದೆ ಎಂದೇ ನಾನು ಓದಿಕೊಂಡಿದ್ದೇನೆ.

ನಿಮ್ಮ ಗೆಳತಿಯ ಸಲಹೆಯನ್ನು ನೀವು ಪ್ರಶ್ನೆಯಾಗಿ ಬರೆದದ್ದೇ ನನಗೆ ಬೇಸರ ತಂದಿತು. ಅದನ್ನು ಅಲ್ಲೇ ತಳ್ಳಿಹಾಕಬೇಕಿತ್ತು. ಹದಿಮೂರು ತುಂಬದವರಿಗೆ ಇನ್‌ಸ್ಟಾಗ್ರಾಂ ಖಾತೆ ಇಲ್ಲ. ತುಂಬಿದ ಮೇಲೂ ಅಪರಿಚಿತರು ಸಂದೇಶ ಕಳುಹಿಸದಂತೆ ಕೆಲವು ತಡೆಗಳಿವೆ. ಹದಿನೆಂಟು ದಾಟಿದವಳೆಂದು ಹುಟ್ಟಿದ ವರ್ಷವನ್ನು ಸುಳ್ಳು ಹಾಕಿದರೆ ಆ ತಡೆಗಳೆಲ್ಲ ಕಳಚಿಬೀಳಬಹುದು. ಕಂಪನಿಯ ಲೆಕ್ಕದಲ್ಲಿ ನಿಮ್ಮ ಮಗಳು ವಯಸ್ಕಳು. ಅದಕ್ಕಿಂತ ಹೆಚ್ಚಾಗಿ, ಮೊಬೈಲಿನಲ್ಲಿ ಅವಳು ನೋಡುವ ಮೊದಲ ಸುಳ್ಳು ಅಮ್ಮನ ಕೈಯದಾಗುತ್ತದೆ.

ನಿಮ್ಮೊಬ್ಬರನ್ನೇ ದೂರಿ ಫಲವಿಲ್ಲ. ವಾಟ್ಸ್‌ಆ್ಯಪ್‌ಗೂ ಕನಿಷ್ಠ ವಯಸ್ಸು ಹದಿಮೂರೇ. ಆದರೂ ಐದನೆಯ, ಆರನೆಯ ತರಗತಿಯ ಹೋಂವರ್ಕ್ ರಾತ್ರಿ ಎಂಟರ ಮೇಲೆ ವಾಟ್ಸ್‌ಆ್ಯಪ್ ಗುಂಪಿಗೆ ಬೀಳುತ್ತದೆ. ಕೊರೊನಾ ಕಾಲದಲ್ಲಿ ಅದು ಅನಿವಾರ್ಯವಾಗಿತ್ತು, ಒಪ್ಪುತ್ತೇನೆ. ಶಾಲೆ ತೆರೆದು ಇಷ್ಟು ವರ್ಷಗಳಾದರೂ ಆ ಚಾಳಿ ಹೋಗಿಲ್ಲ. ಇತ್ತ ಆಸ್ತಿ ತೆರಿಗೆಯ ಜೊತೆ ನೂರಕ್ಕೆ ಆರರಷ್ಟು ಗ್ರಂಥಾಲಯ ಕರ ಕಟ್ಟುತ್ತೇವೆ. ಸಂಜೆ ಮಕ್ಕಳನ್ನು ಕರೆದು ಕೂರಿಸಿಕೊಳ್ಳುವ ಗ್ರಂಥಾಲಯ ಎಷ್ಟು ಬಡಾವಣೆಗಳಲ್ಲಿದೆ? ಆಟದ ಬಯಲುಗಳು ಸೈಟುಗಳಾದವು. ಹೋಗಲು ಜಾಗವಿಲ್ಲದ ಮಗು ಮೊಬೈಲಿಗೆ ಹೋಗುತ್ತದೆ. ಆಗ ಅದನ್ನು ಹಾಳಾದ ಮಗು ಎಂದು ಬೈಯುವವರೂ ನಾವೇ.

ಈ ಪತ್ರಿಕೆ ಓದುವ ಶಿಕ್ಷಕರಲ್ಲಿ ನನ್ನ ಬೇಡಿಕೆ ಇಷ್ಟೇ: ಹೋಂವರ್ಕನ್ನು ಕರಿಹಲಗೆಯ ಮೇಲೆ ಬರೆಯಿರಿ, ಮಕ್ಕಳು ಡೈರಿಯಲ್ಲಿ ಬರೆದುಕೊಳ್ಳಲಿ. ಯಾವುದಾದರೂ ಶಾಲೆ ಈಗಾಗಲೇ ಹಾಗೆ ಮಾಡುತ್ತಿದ್ದರೆ ನಮಗೆ ಬರೆದು ತಿಳಿಸಿ, ಸಂತೋಷದಿಂದ ಪ್ರಕಟಿಸುತ್ತೇವೆ.

— ಸಂಪಾದಕ