ಸ್ಕ್ವಾಟ್ 60 ಕೆಜಿಗೆ ನಿಂತುಬಿಟ್ಟದ ಅಂದೋರಿಗೆ

ನಮ್ಮ ಜಿಮ್ ಗುಂಪಿನಾಗ ನೀವು ಹಾಕಿದ ಪ್ರಶ್ನೆನೂ ಓದಿದೆ, ಕೆಳಗ ಬಂದ ಉತ್ತರನೂ ಓದಿದೆ. ಹಗಲೆಲ್ಲಾ ಕಲಬುರಗಿ ಗಂಜಿನಾಗ (ಕಾಳುಕಡಿ ಮಾರ್ಕೆಟ್ಟಿನಾಗ) ಚೀಲ ಹೊರೋ ಕೆಲಸ, ಸಂಜೀಕ ವಾರಕ್ಕ ಆರು ದಿನ ಜಿಮ್, ಮೈತೂಕ 64, ಮೂರು ತಿಂಗಳಾದ್ರೂ ಸ್ಕ್ವಾಟ್ (ಬಾರ್ ಹೆಗಲ ಮ್ಯಾಲ ಹೊತ್ತು ಕುಂತು ಏಳೋದು) 60 ಕೆಜಿ ದಾಟವಲ್ದು, ಇಲ್ಲಿ ನೋಡಿದ್ರ ಹತ್ತು ಮಂದಿ ಹತ್ತು ಮಾತು, ಯಾರ್ದು ಕೇಳ್ಲಿ ಅಂದೀರಿ. ಒಬ್ಬರು ಬಲಕ್ಕ ಕ್ರಿಯಾಟಿನ್ ಪುಡಿ ತಗೋರಿ ಅಂದ್ರು, ಒಬ್ಬರು ಶೂ ಬದಲಿ ಮಾಡ್ರಿ ಅಂದ್ರು, ಮತ್ತೊಬ್ಬರು ಸ್ಕ್ವಾಟ್ ಬಿಟ್ಟು ಲೆಗ್ ಪ್ರೆಸ್ (ಕುಂತು ಕಾಲಿಂದ ಭಾರ ತಳ್ಳೋ ಮಷೀನ್) ಮಾಡ್ರಿ ಅಂದ್ರು. ಅವರ್ದೇನು ತಪ್ಪಿಲ್ರಿ. ನೀವು ಕೊಟ್ಟಿದ್ದು ಬರೇ ಒಂದು ನಂಬರ್. ಅದರ ಮ್ಯಾಲ ಎಲ್ಲಾರೂ ತಮ್ಮ ತಮ್ಮ ಕಥಿ ಹೇಳ್ಯಾರ.

ಗುಂಪಿನಿಂದ ಕೆಲಸ ಆಗಬೇಕಂದ್ರ ಕೇಳೋದು ಕಡಿಮಿ ಮಾಡಿ ತೋರಿಸೋದು ಜಾಸ್ತಿ ಮಾಡ್ರಿ. ಮೊದಲು ಒಂದು ನೋಟ್‌ಬುಕ್. ತಾರೀಖು, ವ್ಯಾಯಾಮ, ಎಷ್ಟು ಕೆಜಿ, ಪ್ರತಿ ಸೆಟ್ಟಿಗೆ (ನಡುವ ನಿಲ್ಲದೆ ಮಾಡೋ ಒಂದು ಸುತ್ತಿಗೆ) ಎಷ್ಟು ರೆಪ್ (ಎಷ್ಟು ಸಲ ಎತ್ತಿದ್ರಿ), ನಿಲ್ಲಿಸಿದಾಗ ಇನ್ನೆಷ್ಟು ರೆಪ್ ಆಗ್ತಿತ್ತು ಅನಿಸ್ತು, ಹಿಂದಿನ ರಾತ್ರಿ ಎಷ್ಟು ತಾಸು ನಿದ್ದಿ. ನಿಮಗ ಮಾತ್ರ ಇನ್ನೊಂದು ಕಾಲಂ ಬೇಕು: ಅವತ್ತು ಎಷ್ಟು ಚೀಲ ಹೊತ್ರಿ.

ಈ ಕಾಲಂ ಯಾಕ ಅಂತೀರೇನು? ಲೆಕ್ಕ ಹಾಕಿ ನೋಡ್ರಿ. 60 ಕೆಜಿ, 5 ಸೆಟ್, 5 ರೆಪ್ ಅಂದ್ರ ಒಟ್ಟು 1,500 ಕೆಜಿ. 50 ಕೆಜಿ ಚೀಲ ನೂರು ಹೊತ್ರ 5,000 ಕೆಜಿ. ಜಿಮ್ಮಿಗೆ ಹೋಗೋ ಮುಂಚೇನೇ ನಿಮ್ಮ ಸೊಂಟ, ಕಾಲು, ಬೆನ್ನು ಅರ್ಧಕ್ಕಿಂತ ಜಾಸ್ತಿ ದುಡಿದುಬಿಟ್ಟಿರ್ತಾವ. ಆಫೀಸಿನಾಗ ಕುಂತು ಕೆಲಸ ಮಾಡೋ ಹುಡುಗನ ಆರು ದಿನದ ಪ್ಲಾನ್ ನಿಮಗ ಹೊಂದೂದಿಲ್ಲ. ಬಲ ಬರೋದು ಎತ್ತುವಾಗಲ್ಲ, ಎತ್ತಿದ ಮ್ಯಾಲ ಉಂಡು ಮಲಗಿದಾಗ. ಅದಕ್ಕ ವಾರಕ್ಕ ಮೂರು ದಿನ ಸಾಕು, ನಡುವ ಒಂದೊಂದು ದಿನ ಬಿಟ್ಟು. ಡಿಸೆಂಬರ್, ಜನವರಿಯಾಗ ಹೊಸ ತೊಗರಿ ಗಂಜಿಗೆ ಬರ್ಲಾಕ ಹತ್ತಿದ್ರ ಎರಡೇ ದಿನ ಮಾಡ್ರಿ. ಆಗ ಇದ್ದ ಬಲ ಉಳಿಸಿಕೊಂಡ್ರ ಅದೇ ದೊಡ್ಡದು.

ಇನ್ನ ವಿಡಿಯೋ. ಹಿಂದಕ ಗರಡಿ ಮನ್ಯಾಗ ಉಸ್ತಾದರು ಬಾಜೂಕ ನಿಂತು ಒಂದೊಂದು ಬೈಠಕ್ ನೋಡ್ತಿದ್ರು. ಇಲ್ಲಿ ಆ ಕೆಲಸ ಮೊಬೈಲ್ ಮಾಡಬೇಕು. ಮೊಬೈಲ್ ಸೊಂಟದ ಎತ್ತರಕ್ಕ ಇಡ್ರಿ, ಪೂರ್ತಿ ಮುಂದೂ ಅಲ್ಲ, ಪೂರ್ತಿ ಬಾಜೂನೂ ಅಲ್ಲ, ಎರಡರ ನಡುವಿನ ಕೋನದಾಗ. ಹಿಮ್ಮಡಿಯಿಂದ ತಲಿತನಕ ಕಾಣಬೇಕು. ಹಗುರ ಸೆಟ್ ಹಾಕಬ್ಯಾಡ್ರಿ, ಅದರಾಗ ಎಲ್ಲಾರ್ದೂ ಚೆಂದೇ ಇರ್ತದ. ಭಾರಿ ಸೆಟ್ಟಿನ ಕಡೀ ಎರಡು ರೆಪ್ ಬೇಕು. ಹಿಮ್ಮಡಿ ಏಳ್ತದೇನು, ಮೊಣಕಾಲು ಒಳಗ ಬೀಳ್ತಾವೇನು, ಏಳುವಾಗ ಎದಿಗಿಂತ ಮೊದಲು ಕುಂಡಿ ಮ್ಯಾಲ ಹೋಗ್ತದೇನು, ಅಲ್ಲೇ ಗೊತ್ತಾಗ್ತದ. ಚೀಲ ಬೆನ್ನಿಗೆ ಹಾಕ್ಕೊಂಡು ಬಾಗಿ ಏಳೋ ರೂಢಿ ಇದ್ದೋರಿಗೆ ಈ ಮೂರರಾಗ ಕಡೀ ತಪ್ಪು ಇರೋ ಸಾಧ್ಯತೆ ಭಾಳ, ಆದ್ರ ನೋಡದೆ ಹೇಳಂಗಿಲ್ಲ. ಮುಖ ತೋರಿಸೋದು ಬ್ಯಾಡ ಅನಿಸಿದ್ರ ಕುತ್ತಿಗಿ ಮ್ಯಾಲಿಂದ ಕತ್ತರಿಸಿ ಹಾಕ್ರಿ. ನಮ್ಮ ಗುಂಪಿನ ಅಕ್ಕಂದಿರು ಸುಮಾರು ಮಂದಿ ಹಂಗೇ ಹಾಕ್ತಾರ, ಯಾರೂ ಏನೂ ಅನ್ನಂಗಿಲ್ಲ.

60ರಾಗೇ ನಿಲ್ಲಲಾಕ ಇನ್ನೊಂದು ಕಾರಣ ನಿಮ್ಮ ಮಾತಿನಾಗೇ ಅದ. ಜಿಮ್‌ನಾಗ ಸಣ್ಣ ಪ್ಲೇಟ್ ಅಂದ್ರ 2.5 ಕೆಜಿದೇ ಅಂದೀರಿ. ಎರಡೂ ಕಡೆ ಹಾಕಿದ್ರ ಒಂದೇ ಸಲಕ್ಕ 5 ಕೆಜಿ ಏರ್ತದ. ಹೊಸದಾಗಿ ಶುರು ಮಾಡಿದಾಗ ಅದು ನಡೀತದ, ಈಗ ನಡಿಯಂಗಿಲ್ಲ. 1.25 ಕೆಜಿದು ಒಂದು ಜೋಡಿ ಸ್ವಂತಕ್ಕ ತಗೊಂಡು ಚೀಲದಾಗ ಇಟ್ಕೋರಿ, ಶೂಕಿಂತ ಅದು ಮೊದಲು. ಅದೂ ಆಗಲಿಲ್ಲಂದ್ರ 60ರಾಗೇ ರೆಪ್ ಏರಿಸ್ರಿ: 5 ಇದ್ದದ್ದು 6, ಆಮ್ಯಾಲ 7, ಎಲ್ಲಾ ಸೆಟ್ಟಿನಾಗೂ 8 ಬಂದ ದಿನ 65ಕ್ಕ ಹೋಗಿ ಮತ್ತ 5ರಿಂದ ಶುರು. ಹಾಂ, ಆ 60ರಾಗ ಬಾರಿನ ತೂಕ 20 ಕೆಜಿ ಅಂತ ಹಿಡಿದಿದ್ರ, ಅದು ಹ್ಯಾಂಗ ಗೊತ್ತು? ಗಂಡಸರ ಒಲಿಂಪಿಕ್ ಬಾರ್ 20 ಕೆಜಿ ಖರೆ, ಆದ್ರ ಸಣ್ಣ ಜಿಮ್ಮಿನಾಗ ಇರೋ ಬಾರ್ ಅದಕ್ಕಿಂತ ಹಗುರ ಇರಬಹುದು. ಜಿಮ್ಮಿನೋರನ್ನ ಕೇಳಿ ಒಂದು ಸಲ ಅಡತಿ ಅಂಗಡಿಯ ತೂಕದ ಕಾಟಾದ ಮ್ಯಾಲ ಇಟ್ಟು ನೋಡ್ರಿ.

ಇದೇ ಥ್ರೆಡ್‌ನಾಗ ಮನ್ಯಾಗ ಡೆಡ್‌ಲಿಫ್ಟ್ (ನೆಲದ ಮ್ಯಾಲಿನ ಬಾರ್ ಎತ್ತಿ ನಿಲ್ಲೋದು) ಮಾಡ್ಲೇನು ಅಂದೋರಿಗೂ ಒಂದು ಮಾತು. ಶಹಾಬಾದ್ ಫರಸಿ ಮ್ಯಾಲ ಭಾರ ಬಿಟ್ರ ಫರಸಿ ಸೀಳ್ತದ. ದಪ್ಪನ ರಬ್ಬರ್ ಹಾಸಿ ಮಾಡ್ರಿ.

ಪ್ರೋಟೀನ್ ಪೌಡರ್ ತಗೋಬೇಕೇನು ಅಂತ ಕೇಳೀರಿ. ಬಲದ ವ್ಯಾಯಾಮ ಮಾಡೋರಿಗೆ ಮೈತೂಕದ ಕೆಜಿಗೆ 1.6 ಗ್ರಾಂ ಪ್ರೋಟೀನ್ ಅಂತ ಹಿಡಿದ್ರ ನಿಮಗ ದಿನಕ್ಕ ಸುಮಾರು 100 ಗ್ರಾಂ. ದಿನಪೂರ್ತಿಗೆ 100 ಗ್ರಾಂ ತೊಗರಿ ಬೇಳಿ ಕುದಿಸಿದ್ರ 22, ಪಾವ್ ಕಿಲೋದಷ್ಟು ಜ್ವಾಳದ ಹಿಟ್ಟಿನ ರೊಟ್ಟಿಯಿಂದ 25, 40 ಗ್ರಾಂ ಶೇಂಗಾದಿಂದ 10, ಅರ್ಧ ಲೀಟರ್ ಹಾಲು ಇಲ್ಲಾ ಮೊಸರಿನಿಂದ 16, ಮೂರು ತತ್ತಿಯಿಂದ 18. ಹೆಚ್ಚೂಕಡಿಮಿ ಆಗೇಹೋತು. ತತ್ತಿ ತಿನ್ನಂಗಿಲ್ಲಂದ್ರ 35 ಗ್ರಾಂ ಸೋಯಾ ಚಂಕ್ಸ್ ಹಾಕ್ರಿ. ನಮ್ಮ ಕಲಬುರಗಿ ತೊಗರಿ ಬೇಳಿಗೆ 2019ರಾಗ ಜಿಐ ಟ್ಯಾಗ್ (ಈ ಊರಿನದೇ ಬೆಳಿ ಅನ್ನೋ ಸರ್ಕಾರಿ ಗುರುತು) ಬಂದದ, ಅದನ್ನ ದಿನಾ ಹೊತ್ತು ಸಾಗಿಸೋರೇ ತಾಟಿನಾಗ ನೀರು ಸಾರು ಉಂಡ್ರ ಹ್ಯಾಂಗ್ರಿ? ಕ್ರಿಯಾಟಿನ್ ಕೆಲಸ ಮಾಡೋದು ಖರೆ, ದಿನಕ್ಕ 3ರಿಂದ 5 ಗ್ರಾಂ, ಆದ್ರ ಊಟ, ನಿದ್ದಿ ಸರಿ ಆದ ಮ್ಯಾಲ. ಕಿಡ್ನಿ ತೊಂದರಿ ಇದ್ರ ಡಾಕ್ಟರನ್ನ ಕೇಳದೆ ಮುಟ್ಟಬ್ಯಾಡ್ರಿ.

ಏಪ್ರಿಲ್, ಮೇದಾಗ ನಮ್ಮಲ್ಲಿ 42 ಡಿಗ್ರಿ ದಾಟ್ತದ. ಪತ್ರಾ ಹಾಕಿದ ಜಿಮ್ ಸಂಜಿ ಆರಕ್ಕೂ ಕಾದ ಹಂಚೇ. ಆ ಎರಡು ತಿಂಗಳು ಬೆಳಗ್ಗೆ ಬೆಳಕು ಹರಿಯೋ ಹೊತ್ತಿಗೆ ಮುಗಿಸ್ರಿ.

ಯಾರ ಮಾತು ಕೇಳ್ಲಿ ಅನ್ನೋದಕ್ಕ ನನ್ನ ಲೆಕ್ಕ ಇಷ್ಟೇ: ಉತ್ತರ ಕೊಡೋ ಮುಂಚೆ ನಿಮ್ಮನ್ನ ತಿರುಗಿ ಒಂದು ಪ್ರಶ್ನೆ ಕೇಳಿದೋರ್ದು ಕೇಳ್ರಿ. ಒಂದು ಸಲಕ್ಕ ಒಂದೇ ಬದಲಾವಣಿ, ಮೂರು ವಾರ ಬಿಟ್ಟು ನೋಟ್‌ಬುಕ್ ನೋಡ್ರಿ. ಎಲ್ಲಾ ಕೂಡೇ ಬದಲಿ ಮಾಡಿದ್ರ ಯಾವುದರಿಂದ ಏನಾತು ಅಂತ ದೇವರಿಗೂ ತಿಳಿಯಂಗಿಲ್ಲ. ಪರ್ಸನಲ್ ಮೆಸೇಜಿಗೆ ಬಂದು ಸೂಜಿ, ಗುಳಗಿ ಮಾರೋರನ್ನ ಅಲ್ಲೇ ಬ್ಲಾಕ್ ಮಾಡಿ ಅಡ್ಮಿನ್‌ಗೆ ಹೇಳ್ರಿ. ಎರಡು ಮೂರು ದಿನ ಮಾಂಸಖಂಡ ನೋವಾದ್ರ ಅಂಜಬ್ಯಾಡ್ರಿ. ಸೊಂಟದಿಂದ ಕಾಲಿನತನಕ ಚಳಕು ಹೊಡದ್ರ, ಜುಮ್ಮು ಹಿಡದ್ರ ಮಾತ್ರ ಗುಂಪಿನಾಗ ಕೇಳ್ತಾ ಕೂಡಬ್ಯಾಡ್ರಿ, ಎತ್ತೋದು ನಿಲ್ಲಿಸಿ ಡಾಕ್ಟರ್ ಹತ್ರ ಹೋಗ್ರಿ.

ಈ ವಾರ ಸ್ಕ್ವಾಟ್ 60ರಾಗೇ ಇಟ್ಟು, ಆರು ದಿನದ ಬದಲಿ ಮೂರು ದಿನ ಮಾಡಿ, ವಿಡಿಯೋ ಮತ್ತ ನೋಟ್‌ಬುಕ್ಕಿನ ಫೋಟೋ ಇದೇ ಥ್ರೆಡ್‌ನಾಗ ಹಾಕ್ರಿ. ಬಾರ್ ಕಾಟಾದಾಗ ಎಷ್ಟು ಬಂತು ಅದನ್ನೂ ಬರೀರಿ.