ಓದುಗರ ಪ್ರಶ್ನೆ: ವಾರ್ಡಿನಲ್ಲಿ ಸೋಂಕು ಯಾರಿಂದ ಯಾರಿಗೆ?

ಪ್ರಶ್ನೆ: ನಾನು ಆಸ್ಪತ್ರೆಯೊಂದರಲ್ಲಿ ಶುಶ್ರೂಷಕಿ. ನಮ್ಮ ವಾರ್ಡಿನಲ್ಲಿ ಒಂದೇ ವಾರದಲ್ಲಿ ಮೂವರು ರೋಗಿಗಳಿಗೆ ಕೋವಿಡ್ ತಗುಲಿತು. ಮಾದರಿಗಳನ್ನು ಜೀನೋಮ್ ಸೀಕ್ವೆನ್ಸಿಂಗ್‌ಗೆ (ವೈರಸ್ಸಿನ ಇಡೀ ಆನುವಂಶಿಕ ಸಂಕೇತವನ್ನು ಅಕ್ಷರ ಅಕ್ಷರವಾಗಿ ಓದುವ ಪರೀಕ್ಷೆಗೆ) ಕಳುಹಿಸಿದಾಗ ಇಬ್ಬರ ವೈರಸ್ ಒಂದೇ, ಮೂರನೆಯವರದು ಬೇರೆ ಎಂದು ವರದಿ ಬಂತು. ಹಾಗಾದರೆ ಮೊದಲ ರೋಗಿಯಿಂದಲೇ ಎರಡನೆಯವರಿಗೆ ಹರಡಿತೆನ್ನಬಹುದೇ? ವರದಿ ಕೈಸೇರುವ ಹೊತ್ತಿಗೆ ಮೂವರೂ ಮನೆಗೆ ಹೋಗಿದ್ದರು. ಇಂಥ ಪರೀಕ್ಷೆಯಿಂದ ಏನು ಪ್ರಯೋಜನ?

ಉತ್ತರ: ನಿಮ್ಮ ವರದಿಯಲ್ಲಿ ಹೆಚ್ಚು ನೆಚ್ಚಬಹುದಾದ ಮಾತು ಮೂರನೆಯ ರೋಗಿಯ ಕುರಿತದ್ದು. ಕೊರೊನಾ ವೈರಸ್ಸಿನ ಜೀನೋಮ್ ಸುಮಾರು 30,000 ಅಕ್ಷರಗಳ ಸರಪಳಿ. ಜನರಿಂದ ಜನರಿಗೆ ದಾಟುತ್ತ ಹೋದಂತೆ ಅದರಲ್ಲಿ ತಿಂಗಳಿಗೆ ಸರಾಸರಿ ಎರಡು ಅಕ್ಷರಗಳಷ್ಟು ಬದಲಾವಣೆ ಉಳಿದುಕೊಳ್ಳುತ್ತದೆ. ಆದ್ದರಿಂದ ಒಂದೇ ವಾರದಲ್ಲಿ ಪತ್ತೆಯಾದ ಇಬ್ಬರ ವೈರಸ್‌ಗಳ ನಡುವೆ ಹತ್ತು ಹನ್ನೆರಡು ಅಕ್ಷರಗಳ ವ್ಯತ್ಯಾಸ ಕಂಡರೆ, ಅವರ ಹಾಸಿಗೆಗಳು ಅಕ್ಕಪಕ್ಕದಲ್ಲೇ ಇದ್ದರೂ, ಒಬ್ಬರಿಂದ ಇನ್ನೊಬ್ಬರಿಗೆ ಸೋಂಕು ನೇರವಾಗಿ ಹರಡಿಲ್ಲವೆಂದು ಧೈರ್ಯವಾಗಿ ಹೇಳಬಹುದು.

‘ಇಲ್ಲ’ ಎನ್ನುವಷ್ಟು ಖಚಿತವಾಗಿ ‘ಹೌದು’ ಎನ್ನಲು ಈ ಪರೀಕ್ಷೆಯಿಂದಾಗದು. ವೈರಸ್ ಬದಲಾಗುವ ವೇಗಕ್ಕಿಂತ ಹರಡುವ ವೇಗವೇ ಹೆಚ್ಚಾದ್ದರಿಂದ, ಮೊದಲನೆಯವರಿಂದ ಎರಡನೆಯವರಿಗೆ ಬಂದಿದ್ದರೂ, ಎರಡನೆಯವರಿಂದ ಮೊದಲನೆಯವರಿಗೆ ಹೋಗಿದ್ದರೂ, ಇಬ್ಬರಿಗೂ ಒಬ್ಬ ಸಿಬ್ಬಂದಿಯಿಂದ ತಗುಲಿದ್ದರೂ ವರದಿ ಒಂದೇ ರೀತಿ ಕಾಣುತ್ತದೆ. ಆ ಸಮಯದಲ್ಲಿ ಊರಿನಲ್ಲೆಲ್ಲ ಅದೇ ತಳಿ ಹಬ್ಬಿದ್ದರೆ, ಇಬ್ಬರೂ ಹೊರಗಿನಿಂದಲೇ ಬೇರೆ ಬೇರೆಯಾಗಿ ಸೋಂಕು ತಂದಿರಲೂಬಹುದು. ಆದಕಾರಣ ಯಾರು ಯಾವ ಹಾಸಿಗೆಯಲ್ಲಿದ್ದರು, ಲಕ್ಷಣಗಳು ಎಂದು ಕಾಣಿಸಿಕೊಂಡವು, ಪಾಳಿಯಲ್ಲಿ ಯಾರಿದ್ದರು ಎಂಬ ನಿಮ್ಮ ವಾರ್ಡಿನ ದಾಖಲೆಯೊಂದಿಗೆ ಹೊಂದಿಸಿ ನೋಡದೆ ಯಾರ ಮೇಲೂ ಬೆರಳು ತೋರಿಸಬಾರದು.

ಹೀಗೆ ಹೊಂದಿಸಿ ನೋಡಿದ ಒಂದು ತನಿಖೆ ದಕ್ಷಿಣ ಆಫ್ರಿಕದ ಡರ್ಬನ್ ನಗರದ ಆಸ್ಪತ್ರೆಯೊಂದರಲ್ಲಿ 2020ರಲ್ಲಿ ನಡೆಯಿತು. ಅಲ್ಲಿ 39 ರೋಗಿಗಳಿಗೂ 80 ಸಿಬ್ಬಂದಿಗೂ ಸೋಂಕು ತಗುಲಿತ್ತು. ಸೀಕ್ವೆನ್ಸ್ ಮಾಡಿದ ವೈರಸ್‌ಗಳೆಲ್ಲ ಒಂದಕ್ಕೊಂದು ತೀರ ಹತ್ತಿರದವಾಗಿದ್ದುದರಿಂದ, ಬಹುಶಃ ಒಂದೇ ಸಲ ಹೊರಗಿನಿಂದ ಒಳಬಂದ ಸೋಂಕು ವಾರ್ಡಿನಿಂದ ವಾರ್ಡಿಗೆ ದಾಟಿತೆಂಬ ತೀರ್ಮಾನಕ್ಕೆ ಬಲ ಬಂತು.

ವಿಳಂಬದ ಬಗ್ಗೆ ನಿಮ್ಮ ಬೇಸರ ನ್ಯಾಯವಾದದ್ದೇ. ಬ್ರಿಟನ್ನಿನ 14 ಆಸ್ಪತ್ರೆಗಳಲ್ಲಿ 48 ಗಂಟೆಗಳೊಳಗೆ ವರದಿ ಕೊಡುವ ಗುರಿಯಿಟ್ಟು ನಡೆಸಿದ ಅಧ್ಯಯನದಲ್ಲಿ ಹೆಚ್ಚಿನ ವರದಿಗಳು ಆ ಅವಧಿಯಲ್ಲಿ ಬರಲೇ ಇಲ್ಲ. ಒಟ್ಟಾರೆ ಆಸ್ಪತ್ರೆ ಸೋಂಕು ಗಣನೀಯವಾಗಿ ತಗ್ಗಿದ್ದೂ ಕಾಣಲಿಲ್ಲ. ಬೇಗ ಬಂದ ವರದಿಗಳು ಮಾತ್ರ ಸೋಂಕು ನಿಯಂತ್ರಣ ತಂಡದ ನಿರ್ಧಾರಗಳನ್ನು ಬದಲಿಸಿದ್ದುಂಟು. ಹಾಗೆಂದು ತಡವಾದ ವರದಿಯನ್ನು ಕಡತಕ್ಕೆ ಸೇರಿಸಿ ಮರೆಯಬೇಕಿಲ್ಲ. ಮೂರನೆಯ ಸೋಂಕು ಹೊರಗಿನಿಂದ ಬಂದಿದ್ದರೆ ದಾಖಲಾತಿಯ ವೇಳೆಯ ತಪಾಸಣೆಯನ್ನು ಬಿಗಿಗೊಳಿಸಬೇಕು. ಉಳಿದಿಬ್ಬರ ಸೋಂಕು ಒಳಗೇ ಹರಡಿದ್ದರೆ ಗಾಳಿಯಾಟ, ಮಾಸ್ಕ್, ಸಿಬ್ಬಂದಿ ಒಟ್ಟಾಗಿ ಕೂರುವ ವಿಶ್ರಾಂತಿ ಕೋಣೆ, ಇವುಗಳತ್ತ ಮೊದಲು ಕಣ್ಣು ಹಾಯಿಸಬೇಕು. ಈ ಕೊನೆಯದನ್ನು ಆಸ್ಪತ್ರೆಗಳು ಮರೆಯುವುದೇ ಹೆಚ್ಚೆಂದು ನನ್ನ ಅನಿಸಿಕೆ.

ಪ್ರಶ್ನೆ: ಇಂಥ ಪರೀಕ್ಷೆಯಲ್ಲಿ ರೋಗಿಯ ಸ್ವಂತ ವಂಶವಾಹಿಯ ವಿವರವೂ ಬಯಲಾಗುತ್ತದೆಯೇ?

ಉತ್ತರ: ಸಾಮಾನ್ಯವಾಗಿ ಇಲ್ಲ. ರೂಢಿಯಲ್ಲಿರುವ ವಿಧಾನದಲ್ಲಿ ವೈರಸ್ಸಿನ ತುಣುಕುಗಳನ್ನೇ ಆರಿಸಿ ಪಿಸಿಆರ್ ಮೂಲಕ ಹೆಚ್ಚಿಸಿ ಓದಲಾಗುತ್ತದೆ. ಮಾದರಿಯಲ್ಲಿರುವುದನ್ನೆಲ್ಲ ಒಟ್ಟಿಗೆ ಓದುವ ವಿಧಾನದಲ್ಲಿ ಮನುಷ್ಯನ ಅನುಕ್ರಮಗಳೂ ಸೇರಿಕೊಳ್ಳುವುದರಿಂದ, ದತ್ತಾಂಶವನ್ನು ಹಂಚಿಕೊಳ್ಳುವ ಮುನ್ನ ಅವನ್ನು ತೆಗೆದುಹಾಕಬೇಕು.